ಪಂಪ್‌ಹೌಸಿನ ಎರಡು ಬಟ್ಟೆಗಳು

ಮೊದಲು ಸಿಳ್ಳೆ ಬಂತು, ಆಮೇಲೆ ಉಗುಳುವ ಸದ್ದು. ಈ ಕ್ರಮ ಮಾತ್ರ ನನಗೆ ಖಚಿತವಾಗಿ ನೆನಪಿದೆ.

ದಾವಣಗೆರೆಯ ಮಿಲ್ಲಿನ ಕ್ಯಾಂಟೀನಿನಲ್ಲಿ ಕಿಟಕಿಗಳಿಗೆಲ್ಲ ಗೋಣಿತಾಟು ಹೊಡೆಸಿ, ಹಗಲಿನಲ್ಲೇ ಕತ್ತಲು ಮಾಡಿಸಿ, ಮೊದಲ ಪಾಳಿ ಮುಗಿಸಿ ಬಂದವರಿಗೆ ನಾನು ಒಂದು ಫಿಲ್ಮ್ ತೋರಿಸುತ್ತಿದ್ದೆ. ಅರಳೆ ಗೋದಾಮು ಇನ್ನೂ ದೊಡ್ಡದಿತ್ತು. ಆದರೆ ಪ್ರೊಜೆಕ್ಟರಿನ ದೀಪ ಕಾಯುವ ಬಗೆ ನೋಡಿದರೆ ಅದನ್ನು ಅರಳೆಯ ಹತ್ತಿರ ಒಯ್ಯುವ ಧೈರ್ಯವಾಗಲಿಲ್ಲ. ಪರದೆಗೆ ಮಿಲ್ಲಿನದೇ ಬಿಳಿ ಥಾನು. ಫಿಲ್ಮಿನ ಮಾತು ಇಂಗ್ಲಿಷಿನಲ್ಲಿತ್ತು. ಧ್ವನಿಯನ್ನು ತಗ್ಗಿಸಿ, ಪಕ್ಕದಲ್ಲಿ ನಿಂತು ನಾನೇ ಕನ್ನಡದಲ್ಲಿ ಹೇಳುತ್ತಿದ್ದೆ.

ಮೊದಲು ಸಮುದ್ರದ ದಂಡೆ. ಈಜುಡುಗೆಯ ಹೆಂಗಸೊಬ್ಬಳನ್ನು ನೀರಿನಿಂದೆತ್ತಿ ಮಲಗಿಸುತ್ತಾರೆ. ಒಬ್ಬ ಗಂಡಸು ಅವಳ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿ ಹಚ್ಚಿ ಉಸಿರು ಊದುತ್ತಾನೆ. ಸಿಳ್ಳೆ ಬಿದ್ದದ್ದು ಆಗ. ಮುಂದಿನ ದೃಶ್ಯ ಒಂದು ಕಾರ್ಖಾನೆ. ಕರೆಂಟು ಹೊಡೆದು ಬಿದ್ದ ಕೆಲಸಗಾರನಿಗೆ ಅವನ ಜೊತೆಗಾರ, ಮುಖಕ್ಕೆಲ್ಲ ಎಣ್ಣೆ ಮೆತ್ತಿಕೊಂಡವನು, ಅದೇ ರೀತಿ ಬಾಯಿ ಹಚ್ಚುತ್ತಾನೆ. ಸಿಳ್ಳೆ ನಿಂತಿತು. ಯಾರೋ "ಥೂ!" ಎಂದು ನೆಲಕ್ಕೆ ಉಗುಳಿದರು. ಹಿಂದೆಯೇ ಇನ್ನೊಬ್ಬರು.

ನನ್ನ ನೆನಪು ಇಡೀ ಕ್ಯಾಂಟೀನೇ ಉಗುಳಿತು ಅನ್ನುತ್ತದೆ. ಅದು ಸಾಧ್ಯವಿಲ್ಲ. ನಾಲ್ಕೈದು ಜನ ಇದ್ದಿರಬೇಕು; ಉಳಿದವರನ್ನು ನನ್ನ ಆಗಿನ ಸಿಟ್ಟು ಸೇರಿಸಿಕೊಂಡಿದೆ. ಮುಂದಿನ ಬೆಂಚಿನಲ್ಲಿದ್ದ ಜಾಬರನ, ಅಂದರೆ ಪಾಳಿಯ ಮೇಸ್ತ್ರಿಯ, ಮಾತು ಮಾತ್ರ ಹಾಗೇ ಉಳಿದಿದೆ. ಮಂಡಕ್ಕಿಯ ಪೊಟ್ಟಣವನ್ನು ಮಡಚುತ್ತ ಅವನು ಹೇಳಿದ: "ಸಾಹೇಬ್ರೆ, ಆ ಹೆಣ್ಮಗಳದ್ ಬೇಕಾದ್ರೆ ಇನ್ನೊಂದ್ಸಲ ಬಿಡ್ರಿ. ಗಂಡಸ್ರದು ಬ್ಯಾಡ. ಮಂಡಕ್ಕಿ ಗಂಟ್ಲಾಗೆ ಇಳೀವಲ್ದು."

ಜನ ನಕ್ಕರು. ನೆಲದ ಮೇಲಿನ ಎಂಜಲನ್ನು ತುಳಿದುಕೊಂಡೇ ಹೊರಗೆ ಹೋದರು. ತುಳಿಯುವುದಕ್ಕೆ ಅವರಿಗೆ ಏನೂ ಅನ್ನಿಸಲಿಲ್ಲ.

ನಾನು ಮಿಲ್ಲಿನ ಸುರಕ್ಷತಾ ವಿಭಾಗದಲ್ಲಿದ್ದೆ. ತರಬೇತಿ ಕೊಡುವುದು ನನ್ನ ಕೆಲಸ. ಆ ಫಿಲ್ಮು ಬಂದದ್ದು ಒಂದು ಸಾವಿನ ಕಾರಣಕ್ಕೆ. ಮಿಲ್ಲಿನವರದೇ ಒಂದು ಘಟಕ ಹರಿಹರದಲ್ಲಿತ್ತು. ಅದಕ್ಕೆ ತುಂಗಭದ್ರೆಯಿಂದ ನೀರೆತ್ತಲು ದಂಡೆಯ ಮೇಲೊಂದು ಪಂಪ್‌ಹೌಸು. ಹಿಂದಿನ ಬೇಸಿಗೆಯಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬನಿಗೆ ಕರೆಂಟು ಹೊಡೆದಿತ್ತು. ಅವನನ್ನು ಹೊತ್ತುಕೊಂಡು ಹೋಗಿ ನದಿಯ ಒದ್ದೆ ಮರಳಿನಲ್ಲಿ ಕುತ್ತಿಗೆಯವರೆಗೆ ಹೂತು, ಮರಳು ಕರೆಂಟನ್ನು ಹೀರಿಕೊಳ್ಳಲಿ ಎಂದು ಸುತ್ತ ಕುಳಿತು ಕಾದಿದ್ದರು. ಮಿಲ್ಲಿನ ಡಾಕ್ಟರು ನನಗೆ ಹೇಳಿದ್ದು ಇಷ್ಟು: "ಹೂಳೋ ಬದಲು ಉಸಿರು ಕೊಟ್ಟಿದ್ರೆ ಬದುಕ್ತಿದ್ದನೇನೋ."

ಆ 'ಏನೋ' ನನ್ನನ್ನು ಬಿಡಲಿಲ್ಲ. ಅಲ್ಲಿಯವರೆಗೆ ನಾನು ಕಲಿಸುತ್ತಿದ್ದದ್ದು ಹಳೆಯ ಪದ್ಧತಿ: ಬೋರಲು ಮಲಗಿಸಿ, ಬೆನ್ನನ್ನು ಒತ್ತಿ, ಮೊಳಕೈ ಹಿಡಿದು ಎತ್ತುವುದು. ಅದರಲ್ಲಿ ಬಾಯಿಯ ಸಂಬಂಧವಿಲ್ಲ, ಹಾಗಾಗಿ ಯಾರೂ ತಕರಾರು ಮಾಡಿರಲಿಲ್ಲ. ಆದರೆ ಅದರಿಂದ ಒಳಗೆ ಹೋಗುವ ಗಾಳಿ ಬಹಳ ಕಡಿಮೆ, ಈಗ ಎಲ್ಲ ಕಡೆ ಬಾಯಿಂದಲೇ ಊದುತ್ತಾರೆ ಎಂದು ಡಾಕ್ಟರು ಹೇಳಿದ ಮೇಲೆ, ಬರೆದು ಬರೆದು ಆ ಫಿಲ್ಮು ತರಿಸಿಕೊಂಡಿದ್ದೆ.

ವೆಲ್ಫೇರ್ ಆಫೀಸರು ಮರುದಿನ ಕರೆಸಿದರು. ಮೈಸೂರಿನ ಕಡೆಯವರು, ಒಳ್ಳೆಯ ಬಟ್ಟೆ, ಒಳ್ಳೆಯ ಮಾತು.

"ನೋಡಿ, ನೀವು ಓದಿದೋರು. ಗಂಡಸು ಗಂಡಸಿನ ಬಾಯಿಗೆ ಬಾಯಿ ಇಡೋದನ್ನ ಕ್ಯಾಂಟೀನಲ್ಲಿ ತೋರಿಸ್ತಾರೇನ್ರಿ? ನನಗೇ ಹೊಟ್ಟೆ ತೊಳಸ್ತು."

"ಸಾರ್, ಅದು ಚಿಕಿತ್ಸೆ."

"ಆಗಲಿ. ಚಿಕಿತ್ಸೆಗೂ ಒಂದು ಮರ್ಯಾದೆ ಬೇಡವೆ? ನಮ್ಮೋರ ಮುಖ ಹಾಕಿ ಸ್ಲೈಡ್ ಮಾಡಿಸಿ. ಮಧ್ಯೆ ಒಂದು ಬಟ್ಟೆ ಇರಲಿ. ಎಂಜಲಿನ ಪ್ರಶ್ನೆನೇ ಬರಲ್ಲ."

ನಾನು ಡಾಕ್ಟರನ್ನು ಕೇಳಿದೆ. ಅವರು ಎರಡು ವಾಕ್ಯ ಹೇಳಿದರು. "ತೆಳು ಕರವಸ್ತ್ರ, ಒಂದೇ ಪದರ ಆದ್ರೆ ಗಾಳಿ ಹೋಗತ್ತೆ. ಆದ್ರೆ ಬಟ್ಟೆ ಹುಡುಕ್ತಾ ನಿಂತ್ರೆ ಮನುಷ್ಯ ಹೋಗ್ತಾನೆ." ಎರಡನ್ನೂ ಆಫೀಸರಿಗೆ ಒಪ್ಪಿಸಿದೆ. ಅವರು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ನನಗೇ ಬಿಟ್ಟರು.

ಸ್ಲೈಡು ತೆಗೆಸಿದ್ದು ಪೇಟೆಯ ಒಂದು ಸ್ಟುಡಿಯೋದಲ್ಲಿ. ಅಲ್ಲಿನ ಹಿನ್ನೆಲೆಯ ಪರದೆಯಲ್ಲಿ ಕೊಳ, ಹಂಸ, ಕಮಾನು ಎಲ್ಲ ಇದ್ದವು. ಮದುವೆಯ ಜೋಡಿಗಳಿಗೆ ಬರೆಸಿದ್ದು. ಅದನ್ನು ಕಪ್ಪು ಬಟ್ಟೆಯಿಂದ ಮುಚ್ಚಿಸಿದೆ. ಬಿದ್ದವನಾಗಿ ಟೈಮ್ ಆಫೀಸಿನ ಗುಮಾಸ್ತ, ಊದುವವನಾಗಿ ಡಾಕ್ಟರ ಕಂಪೌಂಡರ್. ಇಬ್ಬರೂ ಒಂದೇ ಜಾತಿಯವರು ಎಂಬುದನ್ನು ಆಫೀಸರು ಮೊದಲೇ ನೋಡಿಕೊಂಡಿದ್ದರು. ಮೇನ್ ಸ್ವಿಚ್ ಆರಿಸುವುದು, ಒಣ ಕೋಲಿನಿಂದ ತಂತಿಯಿಂದ ಬಿಡಿಸುವುದು, ಬಾಯೊಳಗೆ ಬೆರಳಾಡಿಸಿ ತಂಬಾಕು, ಹಲ್ಲಿನ ಸೆಟ್ಟು ಏನಾದರೂ ಇದ್ದರೆ ತೆಗೆಯುವುದು, ತಲೆ ಬಾಗಿಸುವುದು: ಇವೆಲ್ಲ ಚೆನ್ನಾಗಿಯೇ ಬಂದವು. ಊದುವ ಚಿತ್ರಕ್ಕೆ ಬಂದಾಗ ಫೋಟೋಗ್ರಾಫರು ನನ್ನ ತೆಳು ಕರವಸ್ತ್ರವನ್ನು ಪಕ್ಕಕ್ಕಿಟ್ಟು, ಗಂಜಿ ಹಾಕಿ ಇಸ್ತ್ರಿ ಮಾಡಿದ ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಗುಮಾಸ್ತನ ಬಾಯ ಮೇಲಿಟ್ಟರು.

"ಇದರೊಳಗೆ ಗಾಳಿ ಹೋಗೋದಿಲ್ಲ," ಅಂದೆ.

"ತೆಳು ಬಟ್ಟಿ ಹಾಕಿದ್ರೆ ತುಟಿ ಕಾಣ್ತಾವ್ರಿ, ಅಸಹ್ಯ. ನೀವು ಉಸಿರು ನೋಡ್ಕೊಳ್ರಿ, ನಾ ಬೆಳಕು ನೋಡ್ಕೊಂತೀನಿ."

ಗಾಜಿನ ಸ್ಲೈಡುಗಳು ಬಂದಾಗ ಆಫೀಸರು ಒಂದೊಂದನ್ನೂ ಕಿಟಕಿಗೆ ಹಿಡಿದು ನೋಡಿ ಸಂತೋಷಪಟ್ಟರು. ಬಟ್ಟೆ ಬೆಳ್ಳಗೆ ಹೊಳೆಯುತ್ತಿತ್ತು. ಇಡೀ ಪೆಟ್ಟಿಗೆಯಲ್ಲಿ ಕಣ್ಣು ಮೊದಲು ಹೋಗುತ್ತಿದ್ದದ್ದು ಅದರ ಮೇಲೇ.

ನಾನು ಗೊಂಬೆಯೊಂದನ್ನು ಮಾಡಿಕೊಂಡೆ. ದಪ್ಪ ಕ್ಯಾನ್ವಾಸಿನ ಮೈಯೊಳಗೆ ಹತ್ತಿಯ ಕಸ ತುಂಬಿ, ಎದೆಯಲ್ಲಿ ಫುಟ್‌ಬಾಲಿನ ಬ್ಲಾಡರ್ ಇಟ್ಟು, ಅದರಿಂದ ಬಾಯವರೆಗೆ ರಬ್ಬರಿನ ಕೊಳವೆ ಎಳೆದೆ. ತಲೆ ಮರದ್ದು, ಕತ್ತಿಗೆ ಬಾಗಿಲಿನ ತಿರುಗಣೆ. ತಲೆಯನ್ನು ಹಿಂದಕ್ಕೆ ಬಾಗಿಸದಿದ್ದರೆ ಕೊಳವೆ ಮಡಚಿಕೊಂಡು ಗಾಳಿ ನಿಲ್ಲುವಂತೆ ಮಾಡುವುದಕ್ಕೆ ಮೂರು ಸಲ ಬಿಚ್ಚಿ ಹೊಲಿಸಬೇಕಾಯಿತು. ಸರಿಯಾಗಿ ಊದಿದರೆ ಎದೆ ಏಳುತ್ತಿತ್ತು. ಒಬ್ಬರು ಊದಿದ ಮೇಲೆ ಬಾಯನ್ನು ಪರ್ಮಾಂಗನೇಟಿನ ನೀರಿನಿಂದ ಒರೆಸುತ್ತಿದ್ದೆ. ಕೆಲವೇ ದಿನಗಳಲ್ಲಿ ಗೊಂಬೆಯ ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಾಯಿತು.

ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಹರಿಹರದ ಬಸ್ಸು ಹತ್ತಿದಾಗ ಕಂಡಕ್ಟರು ಹೊರಗೆ ಚಾಚಿದ್ದ ಗೊಂಬೆಯ ಕಾಲನ್ನು ಮುಟ್ಟಿ ನೋಡಿದ. "ಏನ್ ಸ್ವಾಮಿ ಇದು, ಸತ್ತೈತೋ ಬದುಕೈತೋ?"

"ಊದಿದ್ರೆ ಬದುಕುತ್ತೆ," ಅಂದೆ.

"ಹಂಗಾರೆ ಊದಬ್ಯಾಡ್ರಿ, ಟಿಕೀಟ್ ಹರೀಬೇಕಾಗ್ತದೆ."

ಪಂಪ್‌ಹೌಸಿನಲ್ಲಿ ಮೂವರಿದ್ದರು. ಆಪರೇಟರು ಐವತ್ತರ ಹತ್ತಿರದವರು, ಹದಡಿ ಎಂಬ ಊರಿನವರು. ಬೆಳಿಗ್ಗೆ ನದಿಯಲ್ಲಿ ಸ್ನಾನ ಮಾಡಿ ಪೂಜೆ ಮುಗಿಯುವವರೆಗೆ ನೀರೂ ಮುಟ್ಟುತ್ತಿರಲಿಲ್ಲ. ಎಲ್ಲರೂ ಅವರನ್ನು ಗೌಡರು ಅನ್ನುತ್ತಿದ್ದರು. ಅವರ ಕೈಕೆಳಗಿನ ಹೆಲ್ಪರ್ ಮದುವೆಯಾಗಿ ಮಗುವಿದ್ದ ಯುವಕ, ಹತ್ತಿರದ ಹಳ್ಳಿಯ ಹೊರಗಿನ ಕೇರಿಯವನು. ಮೂರನೆಯವನು ವಾಚ್‌ಮನ್. ಆದರೆ ಅವನು ಗೇಟಿನಲ್ಲಿ, ದೂರ. ಮೋಟರಿನ ಮನೆಯೊಳಗೆ ಪಾಳಿಯುದ್ದಕ್ಕೂ ಇರುತ್ತಿದ್ದವರು ಆಪರೇಟರು ಮತ್ತು ಹೆಲ್ಪರ್ ಇಬ್ಬರೇ. ಒಬ್ಬರು ಬಿದ್ದರೆ ಇನ್ನೊಬ್ಬರೇ ಗತಿ.

ಸ್ಲೈಡು ತೋರಿಸಿದೆ. ಇಲ್ಲಿ ಯಾರೂ ಉಗುಳಲಿಲ್ಲ. ಬಟ್ಟೆಯ ಚಿತ್ರ ಬಂದಾಗ ಆಪರೇಟರು ತಲೆದೂಗಿ, "ಹಾಂ, ಇದು ಬರೋಬ್ಬರಿ ಐತೆ ನೋಡ್ರಿ," ಅಂದರು.

ಆಮೇಲೆ ಗೊಂಬೆ. ಮೊದಲು ಆಪರೇಟರು, ನಂತರ ವಾಚ್‌ಮನ್, ಕೊನೆಗೆ ಹೆಲ್ಪರ್. ಈ ಸಾಲನ್ನು ನಾನು ಹೇಳಿಕೊಟ್ಟಿರಲಿಲ್ಲ. ಆಪರೇಟರು ತಮ್ಮ ಹೆಗಲ ಮೇಲಿನ ವಲ್ಲಿಯನ್ನು ಚಿತ್ರದಲ್ಲಿದ್ದಂತೆಯೇ ನಾಲ್ಕು ಮಡಿಕೆ ಮಾಡಿ ಗೊಂಬೆಯ ಬಾಯ ಮೇಲೆ ಹಾಸಿ, ಕಣ್ಣು ಮುಚ್ಚಿ ಊದಿದರು. ಎದೆ ಏಳಲಿಲ್ಲ.

"ಗಾಳಿ ಹೋಗಲಿಲ್ಲ ಗೌಡ್ರೆ."

"ಅಲ್ರಿ, ಚಿತ್ರದಾಗೆ ತೋರ್ಸಿದಂಗೇ ಮಾಡೀನಿ. ಬಟ್ಟಿ ಹಾಕೀನಿ, ಊದೀನಿ. ಇನ್ನೇನು ಮಾಡ್ಬೇಕು?"

"ಬಟ್ಟೆ ತೆಗೆದು ಊದಿ ನೋಡಿ."

"ಬರೇ ಬಾಯಿಲೆ?" ಅವರು ನನ್ನನ್ನು ನೋಡಿದ ರೀತಿಯಲ್ಲಿ ನಾನೇ ಗಟಾರದಿಂದ ಎದ್ದು ಬಂದವನಂತಿದ್ದೆ. "ಬ್ಯಾಡ್ರಿ. ಅದೆಲ್ಲ ನಮಗಾಗಲ್ಲ."

ಹೆಲ್ಪರನ ಸರದಿ ಬಂದಾಗ ಅವನು ಬಟ್ಟೆಯನ್ನು ಮುಟ್ಟಲಿಲ್ಲ. ವಲ್ಲಿ ಗೌಡರದು, ಮುಟ್ಟುವ ಹಾಗೂ ಇರಲಿಲ್ಲ. ಬರೀ ಬಾಯಿಂದ ಊದಿದ. ಎದೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ನಾನು ಗೊಂಬೆಯ ತುಟಿಯನ್ನು ಒರೆಸುತ್ತಿದ್ದಾಗ ಅವನು ಕುಕ್ಕರುಗಾಲಲ್ಲಿ ಕುಳಿತೇ ಕೇಳಿದ:

"ಸಾಹೇಬ್ರೆ, ಒಂದ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಗೌಡ್ರಿಗೆ ಹೊಡೆದ್ರೆ ನಾ ಊದ್ತೀನಿ. ನನಗೆ ಹೊಡೆದ್ರೆ?"

ಆಪರೇಟರು ಮೋಟರಿನ ಕಡೆ ತಿರುಗಿ, ಬಿಸಿಯಾಗಿದೆಯೋ ಎಂದು ಮುಟ್ಟಿ ನೋಡತೊಡಗಿದರು. "ಲೇ, ಸಾಹೇಬ್ರು ಏನ್ ಕಲಸ್ತಾರೋ ಅದನ್ನ ಕಲಿ. ಇಲ್ಲದ ಮಾತು ಯಾಕ?" ಅಂದರು. ಮೋಟರು ಆಗ ಓಡುತ್ತಿರಲಿಲ್ಲ.

ಆ ಪ್ರಶ್ನೆಗೆ ನಾನು ಏನೋ ಉತ್ತರ ಕೊಟ್ಟೆ. ಏನೆಂದು ನೆನಪಿಲ್ಲ. ಚೆನ್ನಾದ ಮಾತೇ ಇರಬೇಕು, ಅದಕ್ಕೇ ಮರೆತಿದೆ.

ಮುಂದಿನ ಸಲ ಹೋದಾಗ ಪಂಪ್‌ಹೌಸಿನ ಗೋಡೆಯಲ್ಲಿ ಎರಡು ಹೊಸ ಮೊಳೆ ಕಂಡವು. ನಡುವೆ ಒಂದು ಮಾರು ಅಂತರ. ಒಂದೊಂದಕ್ಕೂ ಒಂದೊಂದು ಬಿಳಿ ಬಟ್ಟೆ, ಗಂಜಿ ಹಾಕಿ, ನಾಲ್ಕು ಮಡಿಕೆ ಮಾಡಿ, ಮೂಲೆಗೆ ದಾರ ಪೋಣಿಸಿ ತೂಗುಹಾಕಿದ್ದು. ಒಂದರ ಅಂಚಿಗೆ ಕೆಂಪು ದಾರದ ಹೊಲಿಗೆ.

ಆಪರೇಟರು ಹೆಮ್ಮೆಯಿಂದ ವಿವರಿಸಿದರು. "ಇದು ನನ್ನ ಬಾಯಿಗೆ ಹಾಕೋದು. ಕೆಂಪು ದಾರದ್ದು ಅವನ ಬಾಯಿಗೆ. ಅವಸರದಾಗೆ ಅದಲು ಬದಲು ಆಗಬಾರ್ದಲ್ರಿ, ಅದಕ್ಕೇ ಗುರ್ತು ಹಾಕ್ಸೀನಿ. ನಿಮ್ ಚಿತ್ರ ನೋಡೇ ಹೊಳೀತು."

ಹರಿಹರದ ಸೇತುವೆಯ ಹತ್ತಿರದ ಚಹಾದ ಅಂಗಡಿಯಲ್ಲಿ ಹೊರಗೋಡೆಯ ಗೂಡಿನಲ್ಲಿ ಕೇರಿಯವರಿಗೆಂದು ಬೇರೆ ಲೋಟಗಳಿದ್ದವು. ಅವನ್ನು ಹೋದಾಗಲೆಲ್ಲ ನೋಡುತ್ತಿದ್ದೆ. ನೋಡಿ ನೋಡಿ ಕಾಣದಂತಾಗಿದ್ದವು. ಈಗ ಅವೇ ಲೋಟಗಳು ಬಟ್ಟೆಯಾಗಿ, ನನ್ನ ಪಾಠದ ಒಂದು ಭಾಗವಾಗಿ, ಉಸಿರು ನಿಂತವನಿಗೂ ತನ್ನ ಮೊಳೆ ಯಾವುದೆಂದು ಹೇಳಲು ಬಂದು ನೇತಾಡುತ್ತಿದ್ದವು. ನನಗೆ ವಾಕರಿಕೆ ಬಂತು. ಮಾತಿಗೆ ಹೇಳುತ್ತಿಲ್ಲ, ಹೊರಗೆ ಹೋಗಿ ಕಟ್ಟೆ ಹಿಡಿದು ನಿಂತೆ.

ಅಲ್ಲಿ ನಿಂತಾಗ ಇನ್ನೊಂದು ಯೋಚನೆಯೂ ಬಂತು. ಫಿಲ್ಮಿನಲ್ಲಿ ತೋರಿಸಿದ್ದೇನೆ, ಸ್ಲೈಡಿನಲ್ಲಿ ತೋರಿಸಿದ್ದೇನೆ, ಗೊಂಬೆಗೆ ಊದಿದ್ದೇನೆ. ಇನ್ನೊಬ್ಬ ಮನುಷ್ಯನ ಬಾಯಿ ನನ್ನ ಬಾಯಿಗೆ ತಗಲಿದೆಯೇ? ಒಳಗೆ ಬಂದು ನೆಲದ ಮೇಲೆ ಮಲಗಿದೆ. ಹೆಲ್ಪರನನ್ನು ಕರೆದು, "ನನ್ನ ಮೇಲೆ ಮಾಡಿ ತೋರಿಸು. ಒಂದೇ ಉಸಿರು, ಮೆಲ್ಲಗೆ," ಅಂದೆ.

"ನಿಮ್ಮ ಮ್ಯಾಲಾ? ಬ್ಯಾಡ್ರಿ ಸಾಹೇಬ್ರೆ..."

"ಮಾಡು."

ಅವನು ಬಾಯಿ ಒರೆಸಿಕೊಂಡು, ತಲೆ ಬಾಗಿಸಿ, ಮೂಗು ಹಿಡಿದು ಊದಿದ. ಬೀಡಿ, ಹಸಿ ಈರುಳ್ಳಿ, ಬೆಚ್ಚನೆಯ ಒದ್ದೆ ಗಾಳಿ. ನನ್ನ ಗಂಟಲು ತಾನಾಗಿ ಮುಚ್ಚಿಕೊಂಡಿತು; ಮುಖ ಆಚೆ ತಿರುಗಿತು. ಅವನು ತಟ್ಟನೆ ಹಿಂದೆ ಸರಿದ. ಆ ಅಸಹ್ಯ ಬೀಡಿಯದು ಎಂದು ಅಂದು ಡೈರಿಯಲ್ಲಿ ಬರೆದುಕೊಂಡೆ. ಬೀಡಿಯದೇ ಇರಬಹುದು. ಆಪರೇಟರ ಬಾಯಲ್ಲಿಯೂ ಎಲೆ, ತಂಬಾಕು ಇರುತ್ತಿದ್ದವು. ಅವರು ಊದಿದ್ದರೆ ನನ್ನ ಗಂಟಲು ಹಾಗೆಯೇ ಮುಚ್ಚಿಕೊಳ್ಳುತ್ತಿತ್ತೇ ಎಂಬುದನ್ನು ನಾನು ಪರೀಕ್ಷಿಸಿ ನೋಡಲಿಲ್ಲ.

"ಇನ್ನೊಂದು ಸಲ," ಅಂದೆ. ಈ ಸಲ ಗಂಟಲು ತೆರೆದಿತ್ತು.

ಎದ್ದು ಗೋಡೆಯ ಎರಡೂ ಬಟ್ಟೆಗಳನ್ನು ಕಿತ್ತು ಚೀಲಕ್ಕೆ ತುರುಕಿದೆ. ಆಪರೇಟರಿಗೆ ಸಿಟ್ಟು ಬಂತು.

"ಬಟ್ಟಿ ಒಯ್ದ್ರೆ ನಾವು ಹೆಂಗ್ರಿ ಊದೋದು?"

"ಬಾಯಿಂದ."

"ಇದು ನಿಮ್ಮ ಆಫೀಸರ ಹುಕುಂ ಹೌದೇನು?"

ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ದಾವಣಗೆರೆಗೆ ಹಿಂತಿರುಗಿ ಬಟ್ಟೆಗಳನ್ನು ಆಫೀಸರ ಮೇಜಿನ ಮೇಲಿಟ್ಟು, ಆ ಸ್ಲೈಡನ್ನು ಇನ್ನು ತೋರಿಸುವುದಿಲ್ಲ ಎಂದೆ. ಅವರು ಬಟ್ಟೆಯ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದರು. "ಆಪರೇಟರಿಗೆ ಎಷ್ಟು ಮುತುವರ್ಜಿ ನೋಡಿ. ನೀವು ಇದನ್ನ ಕಿತ್ಕೊಂಡು ಬಂದಿದ್ದೀರಿ." ಹರಿಹರಕ್ಕೆ ಹೋಗುವ ಮುಂದಿನ ಲಾರಿಯಲ್ಲಿ ಬಟ್ಟೆಗಳನ್ನು ವಾಪಸು ಕಳಿಸುವಂತೆ ಜವಾನನಿಗೆ ಹೇಳಿದರು. ಜವಾನ ಮರೆತ. ಬಟ್ಟೆಗಳು ಅಲ್ಲೇ ಮೂಲೆಯ ಟ್ರೇಯಲ್ಲಿ ಉಳಿದವು.

ಮಳೆಗಾಲ ಹಿಡಿದಿತ್ತು. ಒಂದು ಮಧ್ಯಾಹ್ನ ಹರಿಹರದ ಘಟಕದಿಂದ ಫೋನು ಬಂತು: ಪಂಪ್‌ಹೌಸಿನಲ್ಲಿ ಕರೆಂಟು ಹೊಡೆದಿದೆ. ಯಾರಿಗೆ ಎಂದು ಕೇಳುವ ಮೊದಲೇ ಲೈನು ಸತ್ತಿತು. ಸಿಕ್ಕಿದ ಲಾರಿ ಹತ್ತಿ ಹೊರಟೆ. ದಾರಿಯುದ್ದಕ್ಕೂ ನನಗೆ ಹೆಲ್ಪರನ ಮುಖವೇ ಕಣ್ಣ ಮುಂದೆ. ಅವನ ಪ್ರಶ್ನೆಗೆ ಇವತ್ತು ಉತ್ತರ ಸಿಕ್ಕಿರುತ್ತದೆ, ಮೊಳೆಗಳು ಖಾಲಿ ಇವೆ ಎಂದುಕೊಳ್ಳುತ್ತಿದ್ದೆ.

ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಾಗಾಗಿ ಮುಂದಿನದು ನಾನು ಕಂಡದ್ದಲ್ಲ. ಹೆಲ್ಪರ್ ಮತ್ತು ವಾಚ್‌ಮನ್ ಹೇಳಿದ್ದು. ಎರಡೂ ಪೂರ್ತಿ ಹೊಂದುವುದಿಲ್ಲ. ಹೊಂದುವಷ್ಟನ್ನು ಬರೆಯುತ್ತೇನೆ.

ಹೊಡೆದದ್ದು ಆಪರೇಟರಿಗೆ. ಒದ್ದೆ ನೆಲದ ಮೇಲೆ ನಿಂತು ಸ್ಟಾರ್ಟರಿನ ಹಿಡಿ ಎಳೆದಿದ್ದರು. ಹೆಲ್ಪರ್ ಮೇನ್ ಸ್ವಿಚ್ ಆರಿಸಿ, ಕೋಲಿನಿಂದ ಅವರ ಕೈಯನ್ನು ಹಿಡಿಯಿಂದ ಬಿಡಿಸಿ, ಎಳೆದು ಒಣ ಜಾಗಕ್ಕೆ ಹಾಕಿದ. ಉಸಿರಿರಲಿಲ್ಲ. ಕೂಗು ಕೇಳಿ ವಾಚ್‌ಮನ್ ಸನಿಕೆ ಹಿಡಿದುಕೊಂಡೇ ಓಡಿ ಬಂದ.

"ನನ್ನ ಕೈ ಮೊಳಿಗೆ ಹೋತ್ರಿ," ಹೆಲ್ಪರ್ ಹೇಳಿದ. "ಬಟ್ಟಿ ಇರ್ಲಿಲ್ಲ."

"ಮತ್ತೆ?"

"ಮತ್ತೇನು, ಬಾಯಿ ಇತ್ತಲ್ರಿ."

ಮೊದಲು ಗೌಡರ ಬಾಯಿಂದ ತಂಬಾಕಿನ ಉಂಡೆಯನ್ನು ಬೆರಳು ಹಾಕಿ ತೆಗೆದ. ಊದಲು ಬಾಗಿದಾಗ ವಾಚ್‌ಮನ್ ಹಿಂದಿನಿಂದ ಅವನ ರಟ್ಟೆ ಹಿಡಿದು ಎಳೆದ. ಇದನ್ನು ವಾಚ್‌ಮನ್ ತಾನೇ ನಾಚಿಕೆಯಿಲ್ಲದೆ ಹೇಳಿದ: "ಲೇ, ಗೌಡ್ರ ಬಾಯಿಗೆ ಬಾಯಿ ಹಚ್ಚಬ್ಯಾಡಲೇ, ನಾಳೆ ನಮ್ಮಿಬ್ರನ್ನೂ ಸುಮ್ನೆ ಬಿಡಲ್ಲ ಅಂದೆ. ಕೇಳ್ಲಿಲ್ಲ. ಮೊಳಕೈಲಿ ನನ್ ಎದಿಗೆ ಗುದ್ದಿದ." ಗುದ್ದಿಸಿಕೊಂಡ ಮೇಲೆ ವಾಚ್‌ಮನ್ ನದಿಯ ದಂಡೆಗೆ ಹೋಗಿ ಗೌಡರನ್ನು ಹೂಳಲು ಮರಳು ತೋಡತೊಡಗಿದ. ಇವನು ಊದುತ್ತಿದ್ದ, ಅವನು ತೋಡುತ್ತಿದ್ದ. ನಾನು ಹೋದಾಗ ಮೊಳಕಾಲುದ್ದದ ಗುಂಡಿ ಇನ್ನೂ ಅಲ್ಲಿತ್ತು. ತಳದಲ್ಲಿ ನೀರು ಜಿನುಗುತ್ತಿತ್ತು.

ಎಷ್ಟು ಹೊತ್ತು ಊದಿದನೋ ಇಬ್ಬರಿಗೂ ಗೊತ್ತಿಲ್ಲ. ಗೌಡರು ಒಮ್ಮೆ ಕೆಮ್ಮಿದರು, ವಾಂತಿ ಮಾಡಿಕೊಂಡರು. ಹೆಲ್ಪರ್ ಅವರನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಬಳಿದು, ಮತ್ತೆ ಊದಿದ. ಆ ವಾಂತಿಯ ಬಗ್ಗೆ ಕೇಳಿದಾಗ, "ಗೊಂಬಿ ವಾಂತಿ ಮಾಡ್ಕೊಳ್ಳಲ್ರಿ. ನೀವು ಅದನ್ನೂ ಕಲಸ್ಬೇಕಿತ್ತು," ಅಂದ.

ಕಣ್ಣು ಬಿಟ್ಟ ಗೌಡರ ಮೊದಲ ಮಾತು: "ಯಾರು ಊದಿದ್ದು?"

ವಾಚ್‌ಮನ್, "ದೇವ್ರು ಊದಿದ್ನ್ರಿ ಗೌಡ್ರೆ," ಅಂದನಂತೆ. ದೇವರ ಗಡ್ಡಕ್ಕೆಲ್ಲ ವಾಂತಿ ಮೆತ್ತಿತ್ತು. ಗೌಡರು ಅದನ್ನು ನೋಡಿ ಮುಖ ತಿರುಗಿಸಿದರಂತೆ.

ಆಸ್ಪತ್ರೆಯಿಂದ ಅವರು ಬೇಗನೆ ವಾಪಸು ಬಂದರು. ಕೈಯ ಸುಟ್ಟ ಗಾಯ ಬಿಟ್ಟರೆ ಬೇರೇನೂ ಇರಲಿಲ್ಲ. ಬಂದವರು ಮೊದಲು ನದಿಗಿಳಿದು ಬಹಳ ಹೊತ್ತು ಮಿಂದರು, ಬೂದಿಯಿಂದ ಬಾಯಿ ತೊಳೆದರು. ಯಾರದೋ ಮನೆಯಲ್ಲಿ ಏನೋ ಪೂಜೆಯೂ ಆಯಿತೆಂದು ಕೇಳಿದೆ. ಹೆಲ್ಪರ್ ಎಂದಿನಂತೆ ಕೆಲಸಕ್ಕೆ ಬರುತ್ತಿದ್ದ. ಇಬ್ಬರೂ ಮೋಟರಿನ ಎರಡು ಬದಿಗೆ ನಿಂತು, ಸ್ವಿಚ್, ವಾಲ್ವು, ಗ್ರೀಸು ಇಷ್ಟೇ ಮಾತಾಡುತ್ತಿದ್ದರು.

ವೆಲ್ಫೇರ್ ಆಫೀಸರು ಉತ್ಸಾಹದಿಂದ ಕುಣಿಯುತ್ತಿದ್ದರು. "ಕಂಗ್ರಾಚ್ಯುಲೇಷನ್ಸ್. ನಿಮ್ಮ ತರಬೇತಿ ಕೆಲಸ ಮಾಡ್ತು. ಈ ಘಟನೇನೇ ಹೊಸ ಸ್ಲೈಡ್ ಮಾಡಿಬಿಡೋಣ. ಅಸಲೀ ಜಾಗ, ಅಸಲೀ ಜನ." ನಾನೂ ಖುಷಿಪಟ್ಟೆ ಎಂದು ಒಪ್ಪಿಕೊಳ್ಳಬೇಕು. ಬಟ್ಟೆಯಿಲ್ಲದ ಒಂದು ಚಿತ್ರ, ಅದೂ ನಮ್ಮವರದೇ ಮುಖಗಳು. ಅದರ ಮುಂದೆ ಯಾವ ಕ್ಯಾಂಟೀನೂ ಉಗುಳಲಾರದು ಅಂದುಕೊಂಡೆ.

ಅದೇ ಫೋಟೋಗ್ರಾಫರು ಕ್ಯಾಮೆರಾ, ಮುಕ್ಕಾಲಿ, ದೊಡ್ಡ ದೀಪದ ಸಮೇತ ಹರಿಹರಕ್ಕೆ ಬಂದರು. ಗೌಡರನ್ನು ನೆಲದ ಮೇಲೆ ಮಲಗಿಸಿದರು. ಅವರು ಮಲಗಿ ಸೂರು ನೋಡುತ್ತಿದ್ದರು. ಹೆಲ್ಪರ್ ಅವರ ತಲೆಯ ಹತ್ತಿರ ಮೊಳಕಾಲೂರಲು ಹೋದಾಗ ಆಫೀಸರು ಅವನ ಭುಜ ತಟ್ಟಿ ಪಕ್ಕಕ್ಕೆ ಸರಿಸಿ, ವಾಚ್‌ಮನ್ನನ್ನು ಕರೆದರು. ತಮ್ಮ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಮಡಚಿ ಕೊಟ್ಟರು.

"ಸಾರ್, ಊದಿದವನು ಇವನು," ಅಂದೆ.

"ನಿಜ ಏನು ಅಂತ ನಮಗೆ ಗೊತ್ತಿದೆಯಲ್ಲ, ಅಷ್ಟು ಸಾಕು. ಇದನ್ನ ನೂರಾರು ಜನ ನೋಡ್ತಾರೆ. ನೋಡೋರಿಗೆ ಮುಜುಗರ ಆದ್ರೆ ಕಲಿಯೋದಿಲ್ಲ. ನೀವೇ ಅಲ್ವೆ ಹೇಳಿದ್ದು, ಚಿತ್ರ ನೋಡಿಯೇ ಜನ ಕಲೀತಾರೆ ಅಂತ?"

ಹೇಳಿದ್ದೆ. ಆ ಮಾತು ನನ್ನದೇ.

ವಾಚ್‌ಮನ್ ಬಾಗಿ ಕರವಸ್ತ್ರಕ್ಕೆ ಮೂತಿ ಹಚ್ಚಿದ. ಒಳಗೆ ಕತ್ತಲಿತ್ತು. ಫೋಟೋಗ್ರಾಫರು ದೀಪ ಎತ್ತಿ ಹಿಡಿಯಲು ಕೈ ಬೇಕೆಂದು ಸುತ್ತ ನೋಡಿ, ಖಾಲಿ ನಿಂತಿದ್ದ ಹೆಲ್ಪರನ ಕೈಗೆ ಅದನ್ನು ಕೊಟ್ಟರು. "ಮ್ಯಾಲೆ ಹಿಡಿಯಪ್ಪ, ಇನ್ನ ಮ್ಯಾಲೆ. ನೀ ಕಾಣಬಾರ್ದು ನೋಡು, ಬೆಳಕು ಬೀಳ್ಬೇಕು."

ಅವನು ಹಿಡಿದ. ಚೆನ್ನಾಗಿ ಹಿಡಿದ. ಆ ಸ್ಲೈಡು ಬಹಳ ಸ್ಪಷ್ಟವಾಗಿ ಬಂದಿದೆ. ನಾನು ಅದನ್ನು ತೋರಿಸಿ ಮಾತಾಡುವುದಿಲ್ಲ ಎಂದಾಗ, ಬೇರೆ ವಿಭಾಗಗಳಲ್ಲಿ ಟೈಮ್ ಆಫೀಸಿನ ಗುಮಾಸ್ತನೇ ತೋರಿಸಿ ಓದಿ ಹೇಳಿದ. ಜನ ಚಪ್ಪಾಳೆ ತಟ್ಟಿದರಂತೆ.

ನಾನು ಪ್ರೊಜೆಕ್ಟರು, ಸ್ಲೈಡು ತೋರಿಸುವ ಲಾಂದ್ರ, ಸ್ಲೈಡಿನ ಪೆಟ್ಟಿಗೆ ಎಲ್ಲವನ್ನೂ ಬಿಟ್ಟು, ಗೊಂಬೆಯೊಂದನ್ನೇ ಹೊತ್ತುಕೊಂಡು ಮತ್ತೆ ಹರಿಹರಕ್ಕೆ ಹೋದೆ. ಉಳಿದವರು ಏನಾದರೂ ನೋಡಿಕೊಳ್ಳಲಿ, ಆ ಮೋಟರಿನ ಮನೆಯ ಇಬ್ಬರು ಮಾತ್ರ ಒಬ್ಬರಿಗೊಬ್ಬರು ಊದುವಂತಾಗಬೇಕು ಎಂದು ತೀರ್ಮಾನಿಸಿದ್ದೆ.

ಹೆಲ್ಪರ್ ಮೊದಲು ಊದಿ ತೋರಿಸಿದ. ಎದೆ ಎದ್ದಿತು. ನಾನು ಆಪರೇಟರ ಕಡೆ ತಿರುಗಿ ನೇರವಾಗಿ ಕೇಳಿದೆ: "ಗೌಡ್ರೆ, ನಾಳೆ ಇವನಿಗೆ ಹೊಡೆದ್ರೆ?"

ಅವರು ಗಾಯದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಖಾಲಿ ಮೊಳೆಗಳ ಕಡೆ ತಿರುಗಿದರು. "ಬಟ್ಟಿ ಇರ್ಲಿಲ್ಲ," ಅಂದರು, ನನಗಲ್ಲ, ಗೋಡೆಗೆ. "ಆ ಫೋಟೋದಾಗೆ ಬಟ್ಟಿ ಹಾಕಿದ್ರು. ಆವತ್ತು ಬಟ್ಟಿ ಇರ್ಲಿಲ್ಲ. ನನಗೊತ್ತೈತೆ."

"ಹಂಗಾದ್ರೆ?"

"ಸರೀರಿ ಆಕಡೆ."

ಗೊಂಬೆಯ ಪಕ್ಕದಲ್ಲಿ ಮೊಳಕಾಲೂರಿದರು. ಬಟ್ಟೆ ಕೇಳಲಿಲ್ಲ. ನಾನು ಪರ್ಮಾಂಗನೇಟಿನ ಸೀಸೆ ತೆಗೆಯುವಷ್ಟರಲ್ಲಿ ತಲೆ ಬಾಗಿಸಿ, ಮೂಗು ಹಿಡಿದು, ಆ ನೇರಳೆ ತುಟಿಗೆ ಬಾಯಿ ಹಚ್ಚಿ ಊದಿದರು. ಎದೆ ಎದ್ದಿತು. ಸಿಟ್ಟಿನಿಂದಲೋ ಏನೋ, ಮತ್ತೆ ಮತ್ತೆ ಊದಿದರು. ಗೊಂಬೆಯ ಎದೆಯ ಹೊಲಿಗೆ ಕಿರುಗುಟ್ಟುವವರೆಗೆ ಊದಿದರು. ಅಷ್ಟು ಚೆನ್ನಾಗಿ ಯಾರೂ ಊದಿದ್ದನ್ನು ನಾನು ಕಂಡಿರಲಿಲ್ಲ. ಹೆಲ್ಪರ್ ಉಸಿರು ಬಿಗಿಹಿಡಿದು ನೋಡುತ್ತಿದ್ದ.

ಆಮೇಲೆ ಅವರು ಎದ್ದರು. ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ, ಕಲ್ಲಿನ ಮೆಟ್ಟಿಲಿಳಿದು ನದಿಗೆ ಹೋದರು. ಮುಕ್ಕಳಿಸಿ ಉಗುಳುವ ಸದ್ದು ಮೋಟರಿನ ಮನೆಯವರೆಗೆ ಕೇಳಿಸಿತು. ಒಂದು ಸಲವಲ್ಲ, ಮತ್ತೆ ಮತ್ತೆ. ಅವರಿಗಿಂತ ಮುಂಚೆ ಆ ತುಟಿಗೆ ಬಾಯಿ ಹಚ್ಚಿದ್ದವನು ಹೆಲ್ಪರ್.

ನಾನು ಅವನನ್ನು ನೋಡಲಾರದೆ ಸೀಸೆಯ ಬಿರಡೆ ಹಾಕುತ್ತ ಕುಳಿತೆ. ಅವನು ಗೊಂಬೆಯ ಕತ್ತನ್ನು ನೆಟ್ಟಗೆ ಮಾಡಿ, ಗೋಣಿಯನ್ನು ಅದರ ಎದೆಯವರೆಗೆ ಹೊದಿಸಿದ.

"ಗೌಡ್ರು ಕಲ್ತ್ರು ನೋಡ್ರಿ," ಅಂದ. "ಗೊಂಬಿ ಇನ್ನ ಸಾಯಲ್ಲ ಬಿಡ್ರಿ."